ಹಲ್ಲಕ್ಕ ನೋಡಿ ಬಂದ ಊರುಗಳು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳ ಹಲ್ಲೇನೂ ಉಬ್ಬಿರಲಿಲ್ಲ. ಸಣ್ಣಗೆ, ಸಾಲಾಗಿ, ಯಾರ ಕಣ್ಣಿಗೂ ಬೀಳದಂತೆ ಇದ್ದವು. ಅವಳ ಕೆಲಸವೇ ಹಲ್ಲು ಕಟ್ಟುವುದು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಎರೆದು ದವಡೆಯ ಅಚ್ಚು ಮಾಡಿ, ಮೇಣದ ವಸಡು ಕೂರಿಸಿ, ಹಲ್ಲು ಜೋಡಿಸಿ, ಬೇಯಿಸಿ, ಅರದಿಂದ ಉಜ್ಜಿ, ಹೊಳಪು ಕೊಟ್ಟು, ನೀರು ತುಂಬಿದ ಡಬ್ಬಿಯಲ್ಲಿ ಹಾಕಿ ಮುಂದಿನ ಕೋಣೆಗೆ ಕಳಿಸುವವಳು ಅವಳು. ಊರಿನ ಅರ್ಧಕ್ಕರ್ಧ ಹಿರಿಯರು ಅವಳ ಹಲ್ಲಿನಲ್ಲೇ ಅಗಿಯುತ್ತಿದ್ದರು, ಅವಳ ಹಲ್ಲಿನಲ್ಲೇ ಮನೆಯವರನ್ನು ಬೈಯುತ್ತಿದ್ದರು, ಅವಳ ಹಲ್ಲು ಕಿರಿದೇ ಫೋಟೋಕ್ಕೆ ನಿಲ್ಲುತ್ತಿದ್ದರು.

ಆದರೆ ಅವರಲ್ಲಿ ಹೆಚ್ಚಿನವರ ಮುಖ ಅವಳಿಗೆ ಗೊತ್ತಿರಲಿಲ್ಲ. ಅವಳ ಮೇಜು ಇದ್ದದ್ದು ಕ್ಲಿನಿಕ್ಕಿನ ಹಿಂದೆ, ಮೊದಲು ಸಾಮಾನಿನ ಕೋಣೆಯಾಗಿದ್ದ ಜಾಗದಲ್ಲಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಒಳಗಿನ ಗೋಡೆಗೆ ಹೊಡೆದ ಹಲಗೆಗಳ ಮೇಲೆ ಬಿಳಿಯ ದವಡೆಗಳು ಯಾರೋ ಜೋಕು ಹೇಳಿ ಹೋದಂತೆ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ರೋಗಿಗಳು ಮುಂಬಾಗಿಲಿಂದ ಬಂದು ಮುಂಬಾಗಿಲಿಂದಲೇ ಹೋಗುತ್ತಿದ್ದರು. ಒಮ್ಮೆ ಸಿಟಿ ಬಸ್ಸಿನಲ್ಲಿ ಎದುರು ಸೀಟಿನ ಅಪರಿಚಿತ ಮುದುಕರೊಬ್ಬರು ದೊಡ್ಡದಾಗಿ ಆಕಳಿಸಿದರು. ಒಳಗೆ ಕಂಡದ್ದು ತನ್ನದೇ ಕೈಕೆಲಸ! ಹಲ್ಲಕ್ಕನಿಗೆ ನೆಂಟರನ್ನು ಕಂಡಷ್ಟು ಖುಷಿಯಾಗಿ, ಚೆನ್ನಾಗಿದೀರಾ ಎಂದು ಕೇಳಿಯೇಬಿಟ್ಟಳು. ಅವರು ಗಾಬರಿಯಿಂದ ಬಾಯಿ ಮುಚ್ಚಿಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು.

ಹಲ್ಲಕ್ಕನಿಗೆ ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ನೋಡಲು ಬಂದವರು ಕೆಲವರು ಒಪ್ಪಲಿಲ್ಲ, ಒಪ್ಪಿದವರನ್ನು ಇವಳು ಒಪ್ಪಲಿಲ್ಲ, ಅಷ್ಟರಲ್ಲಿ ತಲೆ ನರೆಯಿತು. ಅಕ್ಕನ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಇರುತ್ತಿದ್ದಳು. ಅಕ್ಕ ಹೆಡ್ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ನಿವೃತ್ತಿಯ ಕಾಗದ ಬಂದು ವರ್ಷಗಳಾಗಿದ್ದರೂ ಅಕ್ಕನಿಗೆ ಅದರ ಮೇಲೆ ನಂಬಿಕೆ ಬಂದಿರಲಿಲ್ಲ. ಅಂಗಡಿಯ ಮುಂದಿನ ಕ್ಯೂ ಸೊಟ್ಟಗಿದ್ದರೂ ಸರಿ ಮಾಡಿಯೇ ನಿಲ್ಲುತ್ತಿದ್ದಳು. ಭಾವ ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಬೆತ್ತದ ಕುರ್ಚಿ, ಪೇಪರು, ಮಧ್ಯಾಹ್ನದ ನಿದ್ದೆ, ಇಷ್ಟರಲ್ಲಿ ಅವರ ಲೋಕ ಮುಗಿಯುತ್ತಿತ್ತು.

ಪ್ರವಾಸದ ಯೋಚನೆ ಅಕ್ಕನದು. ಪೇಪರಿನಲ್ಲಿ ಜಾಹೀರಾತು ನೋಡಿದಳು: ಅಕ್ಕಪಕ್ಕದ ಮೂರು ದೇಶಗಳ ಪುರಾತನ ನಗರಗಳು, ಬಸ್ಸು, ಹೋಟೆಲು, ಊಟ, ಜೊತೆಗೆ ನಮ್ಮ ಭಾಷೆಯ ಗೈಡು. ತನಗೂ ಗಂಡನಿಗೂ ಜಾಗ ಹಿಡಿಸಿದಳು. ಭಾವ ಎಂದಿನಂತೆ ಕೇಳಿಸಿಕೊಳ್ಳದೆಯೇ ಹೂಂ ಅಂದಿದ್ದರು. ಹೊರಡುವ ದಿನ ಹತ್ತಿರ ಬಂದಾಗ ಕಾರ್ಯಕ್ರಮದ ಹಾಳೆ ಕೈಗೆ ಬಂತು. ದಿನಾ ಬೆಳಕು ಹರಿಯುವ ಮುಂಚೆಯೇ ಪೆಟ್ಟಿಗೆಯನ್ನು ಕೋಣೆಯ ಹೊರಗಿಡಬೇಕು ಎಂಬ ಸಾಲನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, "ನಾನು ಬರಲ್ಲ" ಎಂದರು. ಮದುವೆಯಾದಾಗಿನಿಂದ ಆ ಮನುಷ್ಯ ಇಲ್ಲ ಎಂದದ್ದು ಅದೇ ಮೊದಲು. ಅಕ್ಕ ಮಹಡಿ ಹತ್ತಿದಳು, ತಂಗಿಯ ಬಾಗಿಲು ತಟ್ಟಿದಳು.

"ನೀನು ಬರ್ತಿದೀಯ. ಬೆಚ್ಚಗಿನ ಬಟ್ಟೆ ಇಟ್ಕೋ."

ಹಲ್ಲಕ್ಕನಿಗೆ ಬರುವುದಕ್ಕೆ ಮನಸ್ಸಿದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಇಲ್ಲ ಅನ್ನುತ್ತಿದ್ದಳು, ಆಮೇಲೆ ರಾತ್ರಿಯೆಲ್ಲ ಅಯ್ಯೋ ಅಂದುಕೊಳ್ಳುತ್ತಿದ್ದಳು. ದಂತವೈದ್ಯರಿಗೆ ರಜೆ ಹೇಳಿದಾಗ ಅವರು ಮೊದಲು ತಮಾಷೆ ಅಂದುಕೊಂಡರು, ಆಮೇಲೆ ಮುಖ ಸಪ್ಪೆ ಮಾಡಿಕೊಂಡರು. ಟಿಕೆಟ್ಟು, ವೀಸಾ ಎಲ್ಲ ಹೇಗೋ ಅವಳ ಹೆಸರಿಗೆ ಬದಲಾಯಿತು. ಬದಲಾಗದೆ ಉಳಿದದ್ದು ಗೈಡಿನ ಹಾಜರಿ ಮಾತ್ರ. ಪ್ರತಿ ಸಲ ಬಸ್ಸು ಹೊರಡುವ ಮುಂಚೆ ಅವನು ಭಾವನ ಹೆಸರನ್ನೇ ಕೂಗುತ್ತಿದ್ದ, ಹಲ್ಲಕ್ಕ ಗಂಭೀರವಾಗಿ ಇದ್ದೀನಿ ಅನ್ನುತ್ತಿದ್ದಳು.

ಎಡವಟ್ಟು ಶುರುವಾದದ್ದು ಮೊದಲ ದಿನವೇ. ವಿಮಾನದಿಂದ ಇಳಿದು ಹತ್ತಿದ ಬಸ್ಸು ಊರು ದಾಟುತ್ತಿದ್ದಂತೆ ಗೈಡು ಕಿತ್ತಳೆ ಬಣ್ಣದ ಛತ್ರಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಮೈಕನ್ನು ಸೀಟಿನಿಂದ ಸೀಟಿಗೆ ದಾಟಿಸಿದ. ಎಲ್ಲರೂ ತಮ್ಮ ಪರಿಚಯ ಹೇಳಬೇಕು. ನಿವೃತ್ತ ಎಂಜಿನಿಯರು ತಾವು ಕಟ್ಟಿಸಿದ ಸೇತುವೆಗಳನ್ನು ಹೇಳಿದರು. ಕಾಲೇಜಿನ ಪ್ರೊಫೆಸರು ತಮ್ಮ ವಿಷಯ ಹೇಳಿದರು, ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ತಲೆಯಾಡಿಸಿದರು. ಸಾಮಿಲ್ಲಿನ ಯಜಮಾನರು ತಾವು ಮರ ಕುಯ್ಯುವವರು ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ, ದುಂಡುಮುಖದ ದೊಡ್ಡ ಹೆಂಗಸು, ತಾನು ಮರ ಕುಯ್ಯುವವರ ತಲೆ ತಿನ್ನುವವಳು ಎಂದು ಹೇಳಿ, ಬಾಯಿಗೆ ಕೈ ಅಡ್ಡ ಹಿಡಿದು ಮೈಯೆಲ್ಲ ಕುಲುಕಿಸಿ ನಕ್ಕಳು. ಮೈಕು ಅಕ್ಕನ ಕೈಗೆ ಬಂತು. ಅಕ್ಕ ಇಬ್ಬರ ಪರವಾಗಿಯೂ ತಾನೇ ಮಾತಾಡಿದಳು.

"ನಾನು ಹೆಡ್ಮಿಸ್ಟ್ರೆಸ್ ಆಗಿ ರಿಟೈರಾದೆ. ಇವಳು ನನ್ನ ತಂಗಿ, ವೈದ್ಯಕೀಯ ಕ್ಷೇತ್ರದಲ್ಲಿದ್ದಾಳೆ."

ಹಲ್ಲಕ್ಕ ಬಾಯಿ ತೆರೆಯುವಷ್ಟರಲ್ಲಿ ಮೈಕು ಹಿಂದಿನ ಸೀಟಿಗೆ ಹೋಗಿಯಾಗಿತ್ತು. ಮೊದಲ ಹೋಟೆಲು ಸೇರುವ ಹೊತ್ತಿಗೆ ಅವಳು ಬಸ್ಸಿಗೆಲ್ಲ ಡಾಕ್ಟರಮ್ಮ ಆಗಿದ್ದಳು.

ಅಲ್ಲಿಂದ ಮುಂದೆ ಅವಳು ಅರಮನೆ ನೋಡಲು ನಿಂತರೆ ಎಂಜಿನಿಯರು ಮಂಡಿ ತೋರಿಸುತ್ತಿದ್ದರು. ಸೇತುವೆ ನೋಡಲು ನಿಂತರೆ ಪ್ರೊಫೆಸರು ತಮಗೆ ನಿದ್ದೆ ಬಾರದ ವಿಚಾರ ತೆಗೆಯುತ್ತಿದ್ದರು. ಮಧ್ಯಾಹ್ನ ಬಸ್ಸಿನಲ್ಲಿ ಗೊರಕೆ ಹೊಡೆಯುತ್ತಿದ್ದವರೂ ಅವರೇ. ಯಾರಿಗೆ ಏನು ಹೇಳಬೇಕೆಂದು ತಿಳಿಯದೆ ಹಲ್ಲಕ್ಕ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: ಮಾತ್ರೆ ಗೀತ್ರೆ ಬೇಡ, ಊರಿಗೆ ಹೋದ ಮೇಲೆ ನಿಮ್ಮ ಡಾಕ್ಟರಿಗೇ ತೋರಿಸಿ. ಇದರಿಂದ ಅವಳ ಹೆಸರು ಇನ್ನೂ ಮೇಲೇರಿತು. ಈಗಿನ ಕಾಲದಲ್ಲಿ ಬಾಯಿ ತೆರೆದರೆ ಟೆಸ್ಟು ಬರೆಯುವ ಡಾಕ್ಟರುಗಳ ನಡುವೆ ಇಂಥವರೂ ಇದ್ದಾರಲ್ಲ ಎಂದು ತಿಂಡಿಯ ಮೇಜಿನಲ್ಲಿ ಮಾತಾಯಿತು.

ಹಲ್ಲಕ್ಕ ಅಕ್ಕನ ಹತ್ತಿರ ಜಗಳ ತೆಗೆದಳು. ಅಕ್ಕ ಜಗ್ಗಲಿಲ್ಲ. ತಾನು ಡಾಕ್ಟರ್ ಅಂದೆನೇ, ಕ್ಷೇತ್ರ ಅಂದೆ. ಕೇಳಿಸಿಕೊಂಡವರು ತಪ್ಪು ತಿಳಿದರೆ ತಾನೇನು ಮಾಡಲಿ ಎಂದಳು. ಹಲ್ಲಕ್ಕ ತಾನೇ ಎಲ್ಲರಿಗೂ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬಸ್ಸು ಹತ್ತಿದರೆ ಅವಳಿಗೆಂದು ಯಾರೋ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟಿರುತ್ತಿದ್ದರು. ಇಳಿದರೆ ಯಾರೋ ಚಹಾ ತಂದು ಕೈಗೆ ಕೊಡುತ್ತಿದ್ದರು. ಜನ ಅವಳ ಮುಖ ನೋಡಿ ಮಾತಾಡುತ್ತಿದ್ದರು, ಅವಳ ಮಾತಿಗೆ ಕಾಯುತ್ತಿದ್ದರು. ಇಷ್ಟು ವರ್ಷ ಬಾಯಿ ತೆರೆದ ಪ್ಲಾಸ್ಟರುಗಳ ನಡುವೆ ಕೂತವಳಿಗೆ ಅದರ ರುಚಿ ಹತ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಒಂದು ದೇಶ ಮುಗಿಯಿತು.

ನೋಡುವುದನ್ನಂತೂ ಅವಳು ಕಣ್ತುಂಬ ನೋಡಿದಳು. ಗೈಡು ಛತ್ರಿ ಎತ್ತಿ ಇಸವಿಗಳನ್ನು ಹೇಳುತ್ತಿದ್ದರೆ ಇವಳ ಕಣ್ಣು ಬಾಯಿಗಳ ಮೇಲೆ. ಕೋಟೆಯ ಬಾಗಿಲ ಕಲ್ಲಿನ ಸಿಂಹಕ್ಕೆ ಶಿಲ್ಪಿ ಕುದುರೆಯ ಹಲ್ಲು ಕೆತ್ತಿದ್ದ. ಅರಮನೆಯ ಚಿತ್ರಶಾಲೆಯಲ್ಲಿ ಗೋಡೆಯುದ್ದಕ್ಕೂ ರಾಜರು, ರಾಣಿಯರು, ಒಬ್ಬರೂ ನಗುತ್ತಿರಲಿಲ್ಲ. ರಾಜಗಾಂಭೀರ್ಯ ಎಂದ ಗೈಡು. ಹಲ್ಲಿರಲಿಲ್ಲ ಅಂತ ಕಾಣುತ್ತೆ ಎಂದು ಹಲ್ಲಕ್ಕ ಅಕ್ಕನ ಕಿವಿಯಲ್ಲಿ ಹೇಳಿದಳು. ಅಕ್ಕ ಸುಮ್ಮನಿರು ಎಂದು ಮೊಣಕೈಯಲ್ಲಿ ತಿವಿದಳು, ತಾನೂ ತುಟಿ ಬಿಗಿಹಿಡಿದು ನಗು ನುಂಗಿದಳು.

ಎರಡನೆಯ ದೇಶದಲ್ಲಿ ಸುತ್ತಲೂ ಕೋಟೆಗೋಡೆಯಿದ್ದ ಹಳೆಯ ಪಟ್ಟಣ. ಅಲ್ಲಿ ಬಸ್ಸು ಒಳಗೆ ಬಿಡುವುದಿಲ್ಲ. ಎಲ್ಲ ನಡೆದೇ ನೋಡಬೇಕು. ಬೆಳಿಗ್ಗೆ ಬಸ್ಸಿಂದ ಇಳಿಯುವ ಗಡಿಬಿಡಿಯಲ್ಲಿ ಸಾಮಿಲ್ಲಿನ ಅಮ್ಮ ಹಲ್ಲಕ್ಕನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಈ ಊರುಗಳಲ್ಲಿ ಟಾಯ್ಲೆಟ್ ಹುಡುಕುವುದೇ ಒಂದು ಟೂರು ಎಂಬುದು ಆಕೆಯ ದಿನದ ಗೋಳು. ಹಾಗಾಗಿ ನಿನ್ನೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ, ಮಧ್ಯಾಹ್ನದವರೆಗೆ ಹೀಗೇ ಇದ್ದರೆ ಏನಾಗಲ್ಲ ಅಲ್ಲವಾ ಎಂದು ಕೇಳಿದಳು. ಹಲ್ಲಕ್ಕನೂ ಕೈಗೆಲ್ಲ ಪ್ಲಾಸ್ಟರ್ ಮೆತ್ತಿಕೊಂಡು ಕೆಲಸಕ್ಕೆ ಕೂತಾಗ ಅರ್ಧ ದಿನ ನೀರು ಮುಟ್ಟದವಳೇ. ಹಿಂದಿನಿಂದ ಜನ ನೂಕುತ್ತಿದ್ದರು, ಛತ್ರಿ ದೂರ ಹೋಗುತ್ತಿತ್ತು. "ಏನಾಗಲ್ಲ ಬಿಡಿ" ಎಂದುಬಿಟ್ಟಳು.

ಪಟ್ಟಣದ ನಡುವಿನ ಚೌಕದಲ್ಲಿ ಒಂದು ಗಂಟೆಗೋಪುರ. ಒಳಗೆ ಸುತ್ತಿ ಸುತ್ತಿ ಮೇಲೇರುವ ಕಿರಿದಾದ ಮೆಟ್ಟಿಲು, ಮೇಲೆ ತೆರೆದ ಜಗಲಿ, ಅಲ್ಲಿಂದ ಇಡೀ ಊರು ಕೈಯಲ್ಲಿಟ್ಟಂತೆ ಕಾಣುತ್ತದೆ. ಗೈಡು ಈ ಗೋಪುರವನ್ನು ಹತ್ತಿ ಹತ್ತಿ ಸಾಕಾಗಿದ್ದವನು, ನೀವು ಹೋಗಿ ಬನ್ನಿ ಎಂದು ಟಿಕೆಟ್ ಕಿಟಕಿಯ ಹತ್ತಿರವೇ ಉಳಿದ. ಬಿಸಿಲು ಏರಿತ್ತು. ಮೇಲೆ ತಲುಪಿದವರು ಫೋಟೋ ತೆಗೆಯುತ್ತಿದ್ದಾಗ ಧೊಪ್ಪನೆ ಸದ್ದಾಯಿತು. ಸಾಮಿಲ್ಲಿನ ಅಮ್ಮ ಬಿದ್ದಿದ್ದಳು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಮೇಲೆ ಸಿಕ್ಕಿತ್ತು.

ಯಜಮಾನರು ಡಾಕ್ಟರಮ್ಮ ಎಲ್ಲಿ ಎಂದು ಕೂಗಿದ್ದು ಕೆಳಗಿನ ಚೌಕಕ್ಕೂ ಕೇಳಿಸಿರಬೇಕು. ಜನ ತಾನಾಗಿ ಸರಿದು ದಾರಿ ಬಿಟ್ಟರು. ದಾರಿಯ ಕೊನೆಯಲ್ಲಿ ಹಲ್ಲಕ್ಕ ಕಲ್ಲಿನ ಕಂಬ ಹಿಡಿದು ನಿಂತಿದ್ದಳು. ಅಕ್ಕ ಬೆನ್ನಿಗೆ ಕೈ ಕೊಟ್ಟು ಮೆಲ್ಲಗೆ, ನಾಡಿಯಾದರೂ ಹಿಡಿದು ನೋಡು ಎಂದಳು. ಹಲ್ಲಕ್ಕ ನಾಲ್ಕು ಹೆಜ್ಜೆ ಹೋದಳು. ಬಿದ್ದವಳ ಒಣಗಿದ ತುಟಿ ನೋಡಿದಳು. ಬೆಳಿಗ್ಗೆ ತಾನು ಅಂದ ಮಾತು ಎದೆಗೆ ಬಂದು ಗುದ್ದಿತು.

"ನಾನು ಡಾಕ್ಟರ್ ಅಲ್ಲ. ಹಲ್ಲು ಕಟ್ಟೋಳು. ಇವರಿಗೆ ಏನು ಮಾಡಬೇಕು ಅಂತ ನಂಗೆ ಗೊತ್ತಿಲ್ಲ."

ಅಷ್ಟು ಹೇಳಿ ಅಲ್ಲಿ ನಿಲ್ಲಲಿಲ್ಲ. ಯಾರು ಏನಂದರು, ಯಾರ ಮುಖ ಹೇಗಾಯಿತು ಎಂದು ನೋಡಲಿಲ್ಲ. ಮೆಟ್ಟಿಲತ್ತ ಓಡಿದಳು. ಮೇಲೆ ಬರುತ್ತಿದ್ದವರನ್ನು ಗೋಡೆಗೆ ಒತ್ತಿ ದಾಟಿಕೊಂಡು, ಸುತ್ತಿ ಸುತ್ತಿ ತಲೆ ತಿರುಗುತ್ತ, ಚೌಕಕ್ಕೆ ಬಂದು ಬಿದ್ದಳು. ಗೈಡಿಗೆ ಆಂಬುಲೆನ್ಸ್ ಕರೆಸು ಎಂದು ಕೂಗಿ, ಹೋಟೆಲುಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಊರೂರಿನ ಪ್ರವಾಸಿಗರ ನಡುವೆ ನಿಂತು, ಎಲ್ಲ ಭಾಷೆಯವರಿಗೂ ಅರ್ಥವಾಗುವ ಒಂದೇ ಮಾತನ್ನು ಮತ್ತೆ ಮತ್ತೆ ಕೂಗಿದಳು. ಡಾಕ್ಟರ್, ಡಾಕ್ಟರ್.

ಮೂಲೆಯ ಮೇಜಿನಿಂದ ಎತ್ತರದ, ಬಿಸಿಲಿಗೆ ಕೆಂಪಾಗಿದ್ದ ಒಬ್ಬ ಮನುಷ್ಯ ಕಾಫಿ ಬಿಟ್ಟು ಎದ್ದ. ಅವನು ಬೇರೆ ಯಾವುದೋ ದೇಶದ ಗುಂಪಿನವನು. ಎದ್ದವನು ಅನುಮಾನಿಸಿದ. ತನ್ನ ಭಾಷೆಯಲ್ಲಿ ಏನೋ ಹೇಳಿದ. ಹಲ್ಲಕ್ಕನಿಗೆ ತಿಳಿಯಲಿಲ್ಲ. ಅವನು ಎರಡು ಬೆರಳನ್ನು ತಲೆಯ ಮೇಲೆ ಕೊಂಬಿನಂತೆ ಇಟ್ಟುಕೊಂಡು, ಅಷ್ಟು ಜನರ ಎದುರಿಗೆ, ಅಂಬಾ ಎಂದ. ದನದ ಡಾಕ್ಟರು! ಯಾವ ಡಾಕ್ಟರಾದರೂ ತನಗಿಂತ ವಾಸಿ ಎಂದುಕೊಂಡು ಹಲ್ಲಕ್ಕ ಅವನ ತೋಳು ಹಿಡಿದು ಗೋಪುರದೊಳಕ್ಕೆ ಎಳೆದಳು.

ಅವನು ಏದುಸಿರು ಬಿಡುತ್ತ ಮೇಲೆ ಬಂದವನೇ ಜನರನ್ನು ದೂರ ಸರಿಸಿ ಗಾಳಿ ಆಡಿಸಿದ. ಯಾರದೋ ಚೀಲವನ್ನು ಅಮ್ಮನ ಕಾಲಡಿ ಇಟ್ಟು ಕಾಲು ಎತ್ತರಿಸಿದ, ಕೊರಳಿನ ಗುಂಡಿ ಸಡಿಲಿಸಿದ, ಒದ್ದೆ ಕರವಸ್ತ್ರದಿಂದ ಮುಖ, ಕತ್ತು ಒರೆಸಿದ, ನಾಡಿ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಆಕೆ ಕಣ್ಣು ಬಿಟ್ಟಳು. ಆಂಬುಲೆನ್ಸಿನವರು ಬಂದು ಕುರ್ಚಿಯಲ್ಲಿ ಕೂರಿಸಿ, ಆ ಸುರುಳಿ ಮೆಟ್ಟಿಲುಗಳಲ್ಲಿ ಬೆವರಿಳಿಸುತ್ತ, ಹುಷಾರಾಗಿ ಕೆಳಗೆ ತಂದರು.

ಕೋಟೆಬಾಗಿಲ ಪಕ್ಕದ ಸಣ್ಣ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮೈಯಲ್ಲಿ ನೀರಿಲ್ಲ, ಮೇಲೆ ಬಿಸಿಲು, ಮೆಟ್ಟಿಲು. ಸಂಜೆಗೆ ಸರಿಹೋಗುತ್ತಾರೆ ಎಂದು ಅಲ್ಲಿನ ಡಾಕ್ಟರು ಗೈಡಿನ ಮೂಲಕ ಹೇಳಿದರು. ಯಜಮಾನರು ಹಲ್ಲಕ್ಕನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅವರು ಔಷಧ ತರಲು ಹೋದಾಗ ಅವಳು ಒಳಗೆ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಅಮ್ಮಾ, ನೀರು ಕುಡೀದಿದ್ರೆ ಏನಾಗಲ್ಲ ಅಂದೆನಲ್ಲ, ತಪ್ಪು ಮಾಡಿದೆ. ಗೊತ್ತಿಲ್ಲ ಅನ್ನಬೇಕಿತ್ತು."

ಆಕೆ ಸುಸ್ತಾದ ಕಣ್ಣಿನಿಂದಲೇ ಇವಳನ್ನು ಅಳೆದು ನೋಡಿದಳು. "ನೀವು ಕುಡೀರಿ ಅಂದಿದ್ರೂ ನಾನು ಕುಡೀತಿರಲಿಲ್ಲ. ನಾನು ಕೇಳಿದ್ದೇ ಹೂಂ ಅನ್ನಿಸ್ಕೊಳ್ಳೋಕೆ. ಅದಿರಲಿ, ನಿಜಕ್ಕೂ ನೀವೇನು ಮಾಡ್ತೀರಿ?"

"ಹಲ್ಲಿನ ಸೆಟ್ಟು ಮಾಡ್ತೀನಿ."

"ಅಯ್ಯೋ ನಿಮ್ಮ, ಅದನ್ನ ಮೊದಲೇ ಹೇಳಬಾರದಾ?" ಎಂದವಳು ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. "ನನ್ನ ಮೇಲಿನ ಸೆಟ್ಟು ನಕ್ಕರೆ ಜಾರುತ್ತೆ. ಅದಕ್ಕೇ ಕೈ ಅಡ್ಡ ಹಿಡ್ಕೊಂಡು ನಗೋದು."

ಹಲ್ಲಕ್ಕನಿಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ಆಕೆಯ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು, ಡ್ರಿಪ್ಪಿನ ಹನಿ ಬೀಳುವುದನ್ನು ನೋಡುತ್ತ ಕೂತಳು.

ಆದರೆ ಬಸ್ಸಿನವರೆಲ್ಲ ಅಷ್ಟು ಸಲೀಸಾಗಿ ಬಿಡಲಿಲ್ಲ. ಹೋಟೆಲಿಗೆ ಮರಳುವಾಗ ಕಿಟಕಿ ಪಕ್ಕದ ಸೀಟನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಎಂಜಿನಿಯರು ಪ್ರೊಫೆಸರಿಗೆ ಕೇಳಿಸುವಂತೆ, ಹಾಗೆಯೇ ಹಲ್ಲಕ್ಕನಿಗೂ ಕೇಳಿಸುವಂತೆ, ಇದು ಮೋಸವಲ್ಲವೇ ಎಂದರು. ತಮ್ಮ ಮಂಡಿಯನ್ನು ಸುಮ್ಮನೆ ತೋರಿಸಿಬಿಟ್ಟೆನಲ್ಲ ಎಂಬ ಕೊರಗು ಅವರ ದನಿಯಲ್ಲಿತ್ತು. ಹಲ್ಲಕ್ಕ ಹಲ್ಲು ಕಚ್ಚಿಕೊಂಡು ಕಿಟಕಿಯಾಚೆ ನೋಡಿದಳು.

ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಅಕ್ಕ ಕೋಟು ಕೂಡ ಬಿಚ್ಚದೆ ಮಂಚದ ಮೇಲೆ ಕೂತಳು. ಎಲ್ಲರೆದುರು ತನ್ನ ತಲೆ ತಗ್ಗಿಸಿದೆ ಎಂದಳು. ಮೆಲ್ಲಗೆ ಒಬ್ಬೊಬ್ಬರಿಗೇ ಹೇಳಬಹುದಿತ್ತು ಎಂದಳು. ಆ ಹೆಂಗಸಿಗೆ ಏನಾದರೂ ಆಗಿದ್ದರೆ ಯಾರ ತಲೆ ತಗ್ಗುತ್ತಿತ್ತು ಎಂದು ಹಲ್ಲಕ್ಕ ಕೇಳಿದಳು. ಅಕ್ಕ ಕೈಚೀಲದ ಜಿಪ್ಪು ಎಳೆದಳು, ಬಿಟ್ಟಳು.

"ನಾನು ಹೇಳಿದ್ದು ನಿನ್ನ ಮರ್ಯಾದೆಗೋಸ್ಕರ."

"ನನ್ನ ಮರ್ಯಾದೆಗೇನಾಗಿತ್ತಕ್ಕ? ನಾನು ಮಾಡೋದು ಕಳ್ಳತನ ಅಲ್ವಲ್ಲ."

ಅಕ್ಕ ಕೋಟು ಬಿಚ್ಚಿ ಮಡಿಸತೊಡಗಿದಳು. ವಾದ ಬಿಟ್ಟುಕೊಟ್ಟ ಅಕ್ಕನನ್ನು ಹಲ್ಲಕ್ಕ ಎಂದೂ ನೋಡಿರಲಿಲ್ಲ, ಅವಳಿಗೆ ಸಿಟ್ಟಿನ ಜೊತೆ ಗಾಬರಿಯೂ ಆಯಿತು. ಕೆಟಲಿನಲ್ಲಿ ನೀರು ಕಾಯಿಸಿ, ಹೋಟೆಲಿನವರು ಇಟ್ಟಿದ್ದ ಪುಡಿಯಿಂದ ಚಹಾ ಮಾಡಿ ಅಕ್ಕನ ಕೈಗೆ ಕೊಟ್ಟಳು. ಬಟ್ಟಲು ಅರ್ಧವಾದ ಮೇಲೆ ಅಕ್ಕ ಮಾತಾಡಿದಳು, ಹೆಡ್ಮಿಸ್ಟ್ರೆಸ್ಸಿನ ದನಿಯಲ್ಲಿ ಅಲ್ಲ.

"ಅಪ್ಪ ಹೋದಾಗ ಇಬ್ಬರಲ್ಲಿ ಒಬ್ಬರು ಓದೋದು, ಒಬ್ಬರು ಕೆಲಸಕ್ಕೆ ಹೋಗೋದು ಅಂತಾಯ್ತು. ಓದಿನಲ್ಲಿ ಮುಂದಿದ್ದವಳು ನೀನು. ಆದ್ರೆ ನಾನು ದೊಡ್ಡೋಳು ಅಂತ ನಾನು ಓದಿದೆ. ನಿನ್ನ ತಂಗಿ ಏನು ಮಾಡ್ತಾಳೆ ಅಂತ ಯಾರಾದ್ರೂ ಕೇಳಿದ್ರೆ, ನಂಗೆ ಅದೇ ನೆನಪಾಗೋದು. ಅದಕ್ಕೆ ದೊಡ್ಡದಾಗಿ ಏನಾದ್ರೂ ಹೇಳಿಬಿಡ್ತೀನಿ."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಈ ಮಾತು ಒಮ್ಮೆಯೂ ಬಂದಿರಲಿಲ್ಲ.

"ನಂಗೆ ಆ ಕೆಲಸ ಇಷ್ಟ ಅಕ್ಕ," ಎಂದಳು ಹಲ್ಲಕ್ಕ. "ಮೊದಲು ಕೆಲವು ದಿನ ಅಳು ಬರ್ತಿತ್ತು. ಆಮೇಲೆ ಇಷ್ಟ ಆಯ್ತು. ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಇಬ್ಬರೂ ಅಲ್ಲಿಗೆ ಬಿಟ್ಟರು. ಅಪ್ಪಿಕೊಳ್ಳುವುದು, ಅಳುವುದು ಆ ಮನೆಯಲ್ಲಿ ರೂಢಿಯಿರಲಿಲ್ಲ. ಚಹಾ ಕೆಟ್ಟದಾಗಿದೆ ಎಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಾಯಿತು.

ಮರುದಿನ ಬಸ್ಸು ಹೊರಟಿತು. ಸಾಮಿಲ್ಲಿನ ಅಮ್ಮ ಮಡಿಲಲ್ಲಿ ದೊಡ್ಡ ನೀರಿನ ಬಾಟಲಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಗೈಡು ಹಾಜರಿ ಮುಗಿಸಿ ಆ ದಿನದ ಊರಿನ ಇತಿಹಾಸಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಅಕ್ಕ ಎದ್ದು ಹೋಗಿ ಅವನ ಕೈಯಿಂದ ಮೈಕು ತೆಗೆದುಕೊಂಡಳು. ಅವನು ಕೊಟ್ಟನೋ, ಇವಳು ಕಿತ್ತಳೋ ಹೇಳುವುದು ಕಷ್ಟ.

"ಸುಳ್ಳು ಹೇಳಿದ್ದು ನಾನು. ನನ್ನ ತಂಗಿಯಲ್ಲ. ಬೈಯೋದಿದ್ರೆ ನನಗೆ ಬೈಯಿರಿ. ಅವಳು ಏನು ಮಾಡ್ತಾಳೆ ಅಂತ ನಾನು ಸರಿಯಾಗಿ ಹೇಳಿರಲಿಲ್ಲ, ಈಗ ತೋರಿಸ್ತೀನಿ."

ಹಾಗೆಂದು, ಓಡುವ ಬಸ್ಸಿನಲ್ಲಿ ಒಂದು ಕೈಯಿಂದ ಸೀಟಿನ ಹಿಡಿ ಹಿಡಿದು, ಮೈಕನ್ನು ಕಂಕುಳಲ್ಲಿ ಸಿಕ್ಕಿಸಿ, ಬಾಯಿಗೆ ಕೈ ಹಾಕಿ ತನ್ನ ಮುಂದಿನ ಎರಡು ಹಲ್ಲುಗಳನ್ನು ತೆಗೆದಳು. ನಿಜವಾದವು ಶಾಲೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದಾಗ ಹೋಗಿದ್ದವು. ಅವುಗಳ ಜಾಗದಲ್ಲಿ ಇದ್ದದ್ದು ಹಲ್ಲಕ್ಕ ಎರಡು ಹಲ್ಲು ಕೂರಿಸಿ ಮಾಡಿಕೊಟ್ಟಿದ್ದ ಸಣ್ಣ ಪ್ಲೇಟು. ಮಕ್ಕಳಿಗೆ ಗೊತ್ತಾದರೆ ಭಯ ಹೋಗುತ್ತದೆ ಎಂದು ಇಡೀ ಶಾಲೆಯಿಂದ ಮುಚ್ಚಿಟ್ಟಿದ್ದಳು, ಗಂಡನಿಗೂ ಹೇಳಿರಲಿಲ್ಲ. ಅಕ್ಕ ಸೀಟಿಗೆ ಒರಗಿ ನಿಂತು, ಒಂದು ಕೈಯಲ್ಲಿ ಪ್ಲೇಟನ್ನು ಎತ್ತಿ, ಇನ್ನೊಂದರಲ್ಲಿ ಮೈಕನ್ನು ಬಾಯಿಗೆ ಹಿಡಿದು, ಇದನ್ನು ಮಾಡಿದವಳು ನನ್ನ ತಂಗಿ ಎಂದು ಮೈಕಿನಲ್ಲಿ ಹೇಳಲು ಹೋದಳು. ಮುಂದಿನ ಹಲ್ಲಿಲ್ಲದ ಬಾಯಿಂದ ಮಾತಿಗಿಂತ ಮೊದಲು ಸಿಳ್ಳೆ ಬಂತು. ಅದು ಮೈಕಿನಲ್ಲಿ ಬಸ್ಸಿಗೆಲ್ಲ ಕೇಳಿಸಿತು.

ಮೊದಲು ನಕ್ಕವಳು ಸಾಮಿಲ್ಲಿನ ಅಮ್ಮ. ಕೈ ಅಡ್ಡ ಹಿಡಿಯುವುದು ಮರೆತು ಆಕೆಯ ಮೇಲಿನ ಸೆಟ್ಟು ಜಾರಿ ನೀರಿನ ಬಾಟಲಿಯ ಮೇಲೆ ಬಿತ್ತು. ಆಮೇಲೆ ಯಾರು ಯಾರನ್ನು ತಡೆಯುವುದು? ಡ್ರೈವರ್ ಕೂಡ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಕಣ್ಣು ಒರೆಸಿಕೊಂಡ. ಅಕ್ಕ ಹಲ್ಲನ್ನು ಸ್ವಸ್ಥಾನದಲ್ಲಿ ಕೂರಿಸಿ, ಸಾಕು, ಎಲ್ಲರೂ ಸುಮ್ಮನಾಗಿ ಎಂದಳು. ಎಲ್ಲರೂ ಸುಮ್ಮನಾದರು. ಹಲ್ಲಕ್ಕ ಮಾತ್ರ ಮುಖವನ್ನು ಶಾಲಿನಲ್ಲಿ ಮುಚ್ಚಿಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ಯಾರಿಗೂ ಕಾಣಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಸಾಮಿಲ್ಲಿನ ಯಜಮಾನರು ಒಂದು ಲೋಟ ಚಹಾ ತಂದು ಹಲ್ಲಕ್ಕನ ಕೈಗೆ ಕೊಟ್ಟು ಹೋದರು.

ಮೂರನೆಯ ದೇಶದ ಹೊಳೆದಂಡೆಯ ನಗರ ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು, ಮನಸ್ಸು ಹಗುರಾಗಿತ್ತು. ಈಗ ಮಂಡಿ, ನಿದ್ದೆ ಬಿಟ್ಟು ಎಲ್ಲರೂ ಬಾಯಿ ತೋರಿಸಲು ಶುರು ಮಾಡಿದ್ದರು. ಮೋಸ ಎಂದಿದ್ದ ಎಂಜಿನಿಯರೇ ಮ್ಯೂಸಿಯಮ್ಮಿನ ಹಿಂದಿನ ಬೆಂಚಿನ ಮೇಲೆ ಕೂತು, ತಮ್ಮ ದವಡೆಯ ಒಂದು ಹಲ್ಲು ಅಲ್ಲಾಡುತ್ತದೆ, ನೋಡುತ್ತೀರಾ ಎಂದು ಮೆತ್ತಗೆ ಕೇಳಿದರು. ಕೀಳುವುದು ಡಾಕ್ಟರ ಕೆಲಸ, ಕಟ್ಟುವುದಿದ್ದರೆ ಮಾತ್ರ ತನ್ನದು ಎಂದು ಹಲ್ಲಕ್ಕ ಅವರನ್ನು ಕಳಿಸಿದಳು. ಸಾಮಿಲ್ಲಿನ ಅಮ್ಮನಿಗೂ, ಇಲ್ಲಿ ತನ್ನ ಬಳಿ ಅರವೂ ಇಲ್ಲ ಮೇಣವೂ ಇಲ್ಲ, ಊರಿಗೆ ಬನ್ನಿ ಎಂದಳು.

ಹಳೆಯ ಸೇತುವೆಯ ಮೇಲೆ ದನದ ಡಾಕ್ಟರನ ಗುಂಪು ಮತ್ತೆ ಎದುರಾಯಿತು. ಅವನು ದೂರದಿಂದಲೇ ತಲೆಯ ಮೇಲೆ ಬೆರಳಿಟ್ಟು ಕೂಗಿದ. ಹಲ್ಲಕ್ಕ ತನ್ನ ಹಲ್ಲು ಮುಟ್ಟಿ ತೋರಿಸಿ, ಕೈಯಲ್ಲಿ ಉಜ್ಜುವ ಅಭಿನಯ ಮಾಡಿ, ತಾನೇನು ಮಾಡುವವಳು ಎಂದು ತಿಳಿಸಿದಳು. ಅವನು ತಕ್ಷಣ ಬಾಯಿ ತೆರೆದು ಒಳಗಿನ ಚಿನ್ನದ ಹಲ್ಲು ತೋರಿಸಿದ. ಎರಡೂ ಗುಂಪಿನವರು ಸೇರಿ ಫೋಟೋಕ್ಕೆ ನಿಂತರು. ತೆಗೆಯುವ ಹೊತ್ತಿಗೆ ಅವನು ಮತ್ತೆ ಅಂಬಾ ಎಂದದ್ದರಿಂದ ಅಷ್ಟೂ ಜನ ಬಾಯಿ ತುಂಬ ನಗುತ್ತಿದ್ದರು.

ಆ ಫೋಟೋವನ್ನು ಗೈಡು ಎಲ್ಲರ ಫೋನಿಗೂ ಕಳಿಸಿದ. ಮರಳುವ ದಾರಿಯುದ್ದಕ್ಕೂ ಹಲ್ಲಕ್ಕ ಅದನ್ನೇ ದೊಡ್ಡದು ಮಾಡಿ ನೋಡಿದಳು. ಸಾಮಿಲ್ಲಿನ ಅಮ್ಮನ ಸೆಟ್ಟಿನ ಕೆಲಸ ಅಚ್ಚುಕಟ್ಟಾಗಿತ್ತು, ಹೊಳಪೂ ಚೆನ್ನಾಗಿತ್ತು. ಆದರೆ ಆ ದುಂಡುಮುಖಕ್ಕೆ, ಅಷ್ಟಗಲದ ನಗುವಿಗೆ, ಹಲ್ಲುಗಳು ತೀರಾ ಚಿಕ್ಕವು. ಅದನ್ನು ಮಾಡಿದವರು ಯಾರೋ ಏನೋ, ಆಕೆ ನಗುವುದನ್ನು ಒಮ್ಮೆಯೂ ನೋಡಿರಲಾರರು. ಹಾಗೆಂದುಕೊಂಡವಳಿಗೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ತಾನು ಕಳಿಸಿದ ಡಬ್ಬಿಗಳೆಲ್ಲ ಕಣ್ಣ ಮುಂದೆ ಬಂದವು. ತಾನಾದರೂ ಯಾರ ನಗುವನ್ನು ನೋಡಿದ್ದೆ?

ಮನೆಯಲ್ಲಿ ಭಾವ ಬ್ರೆಡ್ಡು, ಮೊಟ್ಟೆ ತಿಂದುಕೊಂಡು ಒಂದು ಸುತ್ತು ದಪ್ಪಗಾಗಿದ್ದರು. ಊರಿಗೆಲ್ಲ ಗೊತ್ತಾದ ಮೇಲೆ ಇವರಿಗೇಕೆ ಮುಚ್ಚಿಡುವುದೆಂದು ಅಕ್ಕ ತನ್ನ ಎರಡು ಹಲ್ಲಿನ ಗುಟ್ಟು ಹೇಳಿದಳು. ಭಾವ ಪೇಪರಿನಿಂದ ತಲೆ ಎತ್ತದೆ, ಗೊತ್ತು, ಬಚ್ಚಲಿನ ಗ್ಲಾಸಿನಲ್ಲಿ ನೋಡುತ್ತಲೇ ಇದ್ದೇನೆ, ನೀನಾಗಿ ಹೇಳಲಿ ಎಂದು ಸುಮ್ಮನಿದ್ದೆ ಎಂದರು.

ಹಲ್ಲಕ್ಕ ಕೆಲಸಕ್ಕೆ ಮರಳಿದ ದಿನ ದಂತವೈದ್ಯರ ಮುಖ ಅರಳಿತು. ಅವಳು ತನಗೊಂದು ಮಾತು ನಡೆಸಿಕೊಡಬೇಕು ಎಂದಳು. ಇನ್ನು ಮೇಲೆ ಸೆಟ್ಟು ಮಾಡುವ ಮುಂಚೆ ತಾನು ಆ ಮನುಷ್ಯರನ್ನು ನೋಡಬೇಕು, ಮಾತಾಡಬೇಕು. ಅಳತೆ ಇದ್ದ ಮೇಲೆ ಮನುಷ್ಯರೇಕೆ ಎಂದು ಅವರು ವಾದಿಸಿದರು, ಹೊತ್ತಾಗುತ್ತದೆ ಎಂದರು, ಕೋಣೆ ಇಕ್ಕಟ್ಟು ಎಂದರು. ಅವಳು ಕದಲದೆ ನಿಂತೇ ಇದ್ದಳು. ಕೊನೆಗೆ ಅವರೇ ತಮ್ಮ ಕೋಣೆಯ ಒಂದು ಕುರ್ಚಿಯನ್ನು ಹಿಂದಕ್ಕೆ ಸಾಗಿಸಿ ಕೊಟ್ಟರು. ಸಾಮಿಲ್ಲಿನ ಅಮ್ಮ ಗಂಡನನ್ನೂ ಎಳೆದುಕೊಂಡು ಬಂದು ಅಲ್ಲಿ ಕೂತು ಅರ್ಧ ದಿನ ಹರಟೆ ಹೊಡೆದಳು. ಹೊಸ ಸೆಟ್ಟು ಹಾಕಿಕೊಂಡು ಹೋದ ಮೇಲೆ ಫೋನಿನಲ್ಲಿ ಅವಳ ನಗು ಮೊದಲಿಗಿಂತ ಜೋರಾಗಿ ಕೇಳಿಸುತ್ತಿತ್ತು.

ಆ ಕುರ್ಚಿ ಈಗಲೂ ಅಲ್ಲೇ ಇದೆ. ಮೊನ್ನೆ ಒಬ್ಬ ನಿವೃತ್ತ ಟಿಕೆಟ್ ಕಲೆಕ್ಟರು ಬಂದರು. ಜೀವಮಾನವೆಲ್ಲ ಜನರನ್ನು ಅನುಮಾನದಿಂದಲೇ ನೋಡಿದ ಮುಖ, ಬಾಯಲ್ಲಿ ಒಂದೂ ಹಲ್ಲಿಲ್ಲ. ಹಲ್ಲಕ್ಕ ಎದುರಿಗೆ ಸ್ಟೂಲು ಎಳೆದು ಕೂತು, ಸ್ವಲ್ಪ ನಗಿ ಎಂದಳು.

"ಹಲ್ಲಿಲ್ಲದೆ ಹೇಗಮ್ಮ ನಗೋದು?"

"ಮನೇಲಿ ಯಾರೂ ಇಲ್ಲದಾಗ ಹೇಗೆ ನಗ್ತೀರೋ ಹಾಗೆ."

ಅವರು ಬಾಗಿಲತ್ತ ಒಮ್ಮೆ ನೋಡಿದರು. ಹಲ್ಲಕ್ಕ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.